ಎರಡು ಟೇಬಲ್ ಜಾಯಿನ್ ಮಾಡಿದರೆ ಒಟ್ಟು ಗಂಟೆ ಜಾಸ್ತಿ ಬರುತ್ತಿದೆ, ಯಾಕೆ?

ಸೆಮಿಕೋಲನ್:

ನಮಸ್ಕಾರ ಎಲ್ಲರಿಗೂ. ಕೆಲಸದ ಗಂಟೆ ಲೆಕ್ಕ ಇಡುವ ಒಂದು ವೆಬ್ ಅಪ್ಲಿಕೇಶನ್ ಈಗ ನನ್ನ ಕೈಗೆ ಬಂದಿದೆ. ಕೋಡ್ ಬರೆದವರು ಬೇರೆಯವರು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಸರ್ವರ್ ಕಡೆ ಸಿ ಶಾರ್ಪ್ ಮತ್ತು ಎಂಟಿಟಿ ಫ್ರೇಮ್‌ವರ್ಕ್ ಕೋರ್ (ಸಿ ಶಾರ್ಪ್ ಕೋಡನ್ನು ಡೇಟಾಬೇಸ್ ಕ್ವೆರಿ ಮಾಡಿಕೊಡುವ ಲೈಬ್ರರಿ).

ಟೇಬಲ್ ಮೂರು. ಒಂದು ಪ್ರಾಜೆಕ್ಟ್. ಇನ್ನೊಂದು ಯೋಜನೆ, ಅಂದರೆ ಒಂದೊಂದು ಹಂತಕ್ಕೆ ಎಷ್ಟು ಗಂಟೆ ಬೇಕು ಅನ್ನುವ ಅಂದಾಜು. ಮೂರನೆಯದು ದಾಖಲೆ, ಯಾರು ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದರು ಅಂತ. ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಪ್ರಾಜೆಕ್ಟ್‌ಗೂ ಅಂದಾಜು ಒಟ್ಟು, ಆಗಿರುವ ಒಟ್ಟು, ಎರಡನ್ನೂ ತೋರಿಸಬೇಕು. ಕೆಳಗೆ "ಇನ್ನೂ ಹಿಂದೆ ಇರುವ ಪ್ರಾಜೆಕ್ಟ್‌ಗಳು" ಅಂತ ಒಂದು ಪಟ್ಟಿ.

ಪರೀಕ್ಷೆಗೆ ಅಂತ ಒಂದು ಚಿಕ್ಕ ಪ್ರಾಜೆಕ್ಟ್ ಹಾಕಿ ನೋಡಿದೆ. ಅಂದಾಜು ಮೂರು ಸಾಲು: 20, 10, 10. ದಾಖಲೆ ನಾಲ್ಕು ಸಾಲು: 8, 6, 7, 4. ಅಂದರೆ 40 ಮತ್ತು 25 ಬರಬೇಕು ಅಲ್ವಾ? ಮೂರೂ ಟೇಬಲ್ ಜಾಯಿನ್ ಮಾಡಿ, ಅಂದರೆ ಸಾಲಿಗೆ ಸಾಲು ಜೋಡಿಸಿ, ಪ್ರಾಜೆಕ್ಟ್ ಪ್ರಕಾರ ಕೂಡಿಸಿದರೆ ಬರುತ್ತಿರುವುದು 160 ಮತ್ತು 75. ಕೂಡಿಸುವ ಸಮ್ ಒಳಗೆ ಡಿಸ್ಟಿಂಕ್ಟ್ (ಒಂದೇ ಬೆಲೆ ಮತ್ತೆ ಬಂದರೆ ಬಿಡು ಅನ್ನುವುದು) ಹಾಕಿದರೆ 30 ಮತ್ತು 25 ಬರುತ್ತದೆ. ಒಂದು ಸರಿ, ಇನ್ನೊಂದು ತಪ್ಪು. ಇದು ಏನು ಕಥೆ?

ಇನ್ನೊಂದು ವಿಷಯ. ಒಂದು ಗಂಟೆಯೂ ಕೆಲಸ ಆಗದ ಪ್ರಾಜೆಕ್ಟ್ ಒಂದಿದೆ. "ಹಿಂದೆ ಇರುವ" ಪಟ್ಟಿಯಲ್ಲಿ ಮೊದಲು ಬರಬೇಕಾದ್ದೇ ಅದು. ಆದರೆ ಅದು ಪಟ್ಟಿಯಲ್ಲೇ ಇಲ್ಲ.

ಹಳೇ ಕೀಬೋರ್ಡ್:

160ನ್ನು 40ರಿಂದ ಭಾಗಿಸಿ, 4 ಬರುತ್ತದೆ. 75ನ್ನು 25ರಿಂದ ಭಾಗಿಸಿ, 3. ನಿಮ್ಮ ದಾಖಲೆ ಸಾಲು ನಾಲ್ಕು, ಅಂದಾಜು ಸಾಲು ಮೂರು. ಉತ್ತರ ಅಲ್ಲೇ ಇದೆ.

ಪ್ರಾಜೆಕ್ಟ್‌ಗೆ ಯೋಜನೆಯನ್ನೂ ದಾಖಲೆಯನ್ನೂ ಒಟ್ಟಿಗೆ ಜಾಯಿನ್ ಮಾಡಿದಾಗ, ಪ್ರತಿ ಅಂದಾಜು ಸಾಲು ಪ್ರತಿ ದಾಖಲೆ ಸಾಲಿನ ಜೊತೆ ಜೋಡಿಯಾಗುತ್ತದೆ. ಹನ್ನೆರಡು ಸಾಲು ಆಗುತ್ತವೆ. ಅದರಲ್ಲಿ 20 ಅನ್ನುವುದು ನಾಲ್ಕು ಸಲ ಇರುತ್ತದೆ, 8 ಅನ್ನುವುದು ಮೂರು ಸಲ. ಸಮ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಎದುರಿಗೆ ಇದ್ದದ್ದನ್ನೆಲ್ಲಾ ಕೂಡಿಸಿದೆ. ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವುದು) ಬರೆಯುವ ಮೊದಲು, ಜಾಯಿನ್ ಆದ ಮೇಲೆ ಒಂದು ಸಾಲು ಅಂದರೆ ಏನು ಅಂತ ಕೇಳಿಕೊಳ್ಳಬೇಕು. ಇಲ್ಲಿ ಒಂದು ಸಾಲು ಅಂದರೆ ಅಂದಾಜೂ ಅಲ್ಲ, ದಾಖಲೆಯೂ ಅಲ್ಲ. ಎರಡರ ಜೋಡಿ. ಜೋಡಿಗಳನ್ನು ಕೂಡಿಸಿದರೆ ಯಾರಿಗೂ ಬೇಡದ ಸಂಖ್ಯೆ ಬರುತ್ತದೆ.

ಡಿಸ್ಟಿಂಕ್ಟ್ ಇದಕ್ಕೆ ಮದ್ದಲ್ಲ. ಅದು ಸಾಲುಗಳನ್ನು ನೋಡುವುದಿಲ್ಲ, ಬರೀ ಬೆಲೆ ನೋಡುತ್ತದೆ. ನಿಮ್ಮ ಅಂದಾಜಿನಲ್ಲಿ 10 ಎರಡು ಸಲ ನಿಜವಾಗಿಯೇ ಇತ್ತು. ಅದನ್ನು ಒಂದು ಸಲ ಮಾತ್ರ ಎಣಿಸಿತು, ಹಾಗಾಗಿ 30. ದಾಖಲೆಯ 8, 6, 7, 4 ಬೇರೆ ಬೇರೆ ಇದ್ದವು, ಅದಕ್ಕೇ 25 ಸರಿ ಬಂತು. ನಾಳೆ ಯಾರಾದರೂ ಇನ್ನೊಂದು ದಿನ 8 ಗಂಟೆ ಹಾಕಲಿ, ಅದೂ ಕೆಡುತ್ತದೆ. ಈ ತರಹ ಕೆಲವು ಸಲ ಸರಿ ಬರುವ ಉತ್ತರ ಪೂರ್ತಿ ತಪ್ಪು ಉತ್ತರಕ್ಕಿಂತ ಕಷ್ಟ ಕೊಡುತ್ತದೆ. ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ ನೋಡಿ.

ಮಾಡಬೇಕಾದ್ದು: ಮೊದಲು ಕೂಡಿಸಿ, ಆಮೇಲೆ ಜೋಡಿಸಿ. ಯೋಜನೆ ಟೇಬಲನ್ನು ಪ್ರಾಜೆಕ್ಟ್ ಪ್ರಕಾರ ಗ್ರೂಪ್ ಮಾಡಿ ಒಂದು ಸಬ್‌ಕ್ವೆರಿ, ಅಂದರೆ ಕ್ವೆರಿ ಒಳಗಿನ ಕ್ವೆರಿ. ದಾಖಲೆಯನ್ನೂ ಹಾಗೇ ಮಾಡಿ ಇನ್ನೊಂದು. ಈಗ ಎರಡರಲ್ಲೂ ಪ್ರಾಜೆಕ್ಟ್‌ಗೆ ಒಂದೇ ಸಾಲು. ಇವೆರಡನ್ನು ಪ್ರಾಜೆಕ್ಟ್ ಟೇಬಲ್‌ಗೆ ಲೆಫ್ಟ್ ಜಾಯಿನ್ (ಜೊತೆ ಸಿಗದಿದ್ದರೂ ಪ್ರಾಜೆಕ್ಟ್ ಸಾಲು ಉಳಿಯುವ ಜಾಯಿನ್) ಮಾಡಿ. ಓದಲು ಸುಲಭ ಆಗಲಿ ಅಂದರೆ ವಿತ್ ಬಳಸಿ ಎರಡಕ್ಕೂ ಹೆಸರು ಕೊಡಿ.

ಮಧ್ಯರಾತ್ರಿ ಡಿಪ್ಲಾಯ್:

ಇಷ್ಟೆಲ್ಲಾ ಯಾಕೆ ಸಾರ್? ದಾಖಲೆಗಳನ್ನು ಜೇಸನ್ (ಪಠ್ಯ ರೂಪದ ಡೇಟಾ) ಆಗಿ ಬ್ರೌಸರ್‌ಗೆ ಕಳಿಸಿ. ಅಲ್ಲಿ ಪಟ್ಟಿಯನ್ನು ಒಂದು ಬೆಲೆ ಮಾಡುವ ರೆಡ್ಯೂಸ್ ಎರಡು ಸಾಲು ಬರೆದರೆ ಮುಗಿಯಿತು. ನಾನು ನೋಡ್ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಜೊತೆ ಹಾಗೇ ಮಾಡುತ್ತೇನೆ. ಸರ್ವರ್ ಮೇಲೆ ಭಾರ ಕೂಡ ಕಡಿಮೆ.

ಹಳೇ ಕೀಬೋರ್ಡ್:

ಇನ್ನೂರು ಸಾಲು ಇದ್ದಾಗ ನಡೆಯುತ್ತದೆ. ಎರಡು ಲಕ್ಷ ಆದಾಗ? ಒಂದು ಸಂಖ್ಯೆ ತೋರಿಸಲು ಎರಡು ಲಕ್ಷ ಸಾಲು ನೆಟ್‌ವರ್ಕ್ ಮೇಲೆ ಸಾಗಿಸಬೇಕು. ಸರ್ವರ್ ಭಾರವೂ ಕಡಿಮೆ ಆಗಲ್ಲ. ಸಾಲುಗಳನ್ನು ಓದುವುದು ಇದ್ದೇ ಇದೆ, ಜೊತೆಗೆ ಅಷ್ಟನ್ನೂ ಜೇಸನ್ ಮಾಡುವ ಕೆಲಸ ಸೇರಿಕೊಂಡಿತು.

ಅದಕ್ಕಿಂತ ದೊಡ್ಡ ತೊಂದರೆ ಪೇಜಿನೇಷನ್, ಅಂದರೆ ಪುಟ ಪುಟವಾಗಿ ತೋರಿಸುವುದು. ಟೇಬಲ್‌ನಲ್ಲಿ 50 ಸಾಲು ತೋರಿಸುತ್ತಿದ್ದೀರಿ, ಕೆಳಗೆ "ಒಟ್ಟು" ಅಂತ ಹಾಕಿದ್ದೀರಿ. ಆ ಒಟ್ಟು ಈ ಪುಟದ್ದೋ, ಪೂರ್ತಿಯದ್ದೋ? ಬ್ರೌಸರ್‌ಗೆ ಆ 50 ಬಿಟ್ಟು ಬೇರೆ ಏನೂ ಗೊತ್ತಿಲ್ಲ. ನೋಡುವವರು ಪೂರ್ತಿಯದ್ದು ಅಂತಲೇ ಅಂದುಕೊಳ್ಳುತ್ತಾರೆ.

ನಲ್ ನಾಣಿ:

ನೋಡ್ ಅಂದಿರಲ್ಲ, ಅಲ್ಲೊಂದು ಮಜಾ ಇದೆ. ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ (ನಿಖರ ದಶಮಾಂಶ) ಮತ್ತು ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ಕಾಲಂಗಳನ್ನು ನೋಡ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಸಂಖ್ಯೆಯಾಗಿ ಕೊಡುವುದಿಲ್ಲ, ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳಾಗಿ ಕೊಡುತ್ತದೆ. ನಿಖರತೆ ಹಾಳಾಗಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಈಗ ನಿಮ್ಮ ರೆಡ್ಯೂಸ್ 0ಯಿಂದ ಶುರು ಮಾಡಿ "8.00" ಮತ್ತು "6.00" ಕೂಡಿಸಿದರೆ 14 ಬರಲ್ಲ. "08.006.00" ಬರುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. ಹೋಲಿಕೆ ಮಾಡಿದರೆ ಕಣ್ಣಿಗೂ ಬೀಳಲ್ಲ. ಸ್ಟ್ರಿಂಗ್ ಲೆಕ್ಕದಲ್ಲಿ "10" ಅನ್ನುವುದು "9"ಕ್ಕಿಂತ ಚಿಕ್ಕದು. ಜಾವಾಸ್ಕ್ರಿಪ್ಟ್‌ನ ಸಾರ್ಟ್ ಕೂಡ ಹೇಳದೇ ಇದ್ದರೆ ಸಂಖ್ಯೆಗಳನ್ನೂ ಸ್ಟ್ರಿಂಗ್ ಮಾಡಿಕೊಂಡೇ ಜೋಡಿಸುತ್ತದೆ.

ಈಗ ಸೆಮಿಕೋಲನ್ ಅವರ ಎರಡನೇ ಪ್ರಶ್ನೆ, ಪಟ್ಟಿಯಿಂದ ಮಾಯವಾದ ಪ್ರಾಜೆಕ್ಟ್. ಇದಕ್ಕೆ ಎರಡು ಕಾರಣ ಇರಬಹುದು, ಎರಡನ್ನೂ ನೋಡಿ.

ಮೊದಲನೆಯದು, ಇನ್ನರ್ ಜಾಯಿನ್ (ಜೊತೆ ಸಿಕ್ಕ ಸಾಲು ಮಾತ್ರ ಉಳಿಯುವುದು) ಇದ್ದರೆ ದಾಖಲೆ ಇಲ್ಲದ ಪ್ರಾಜೆಕ್ಟ್ ಆಗಲೇ ಬಿದ್ದುಹೋಗಿರುತ್ತದೆ. ಲೆಫ್ಟ್ ಜಾಯಿನ್ ಮಾಡಿದರೂ ಎರಡನೆಯ ಗುಂಡಿ ಕಾಯುತ್ತಿರುತ್ತದೆ. ಜೊತೆ ಸಿಗದ ಕಡೆ ಆಗಿರುವ ಒಟ್ಟು 0 ಅಲ್ಲ, ನಲ್, ಅಂದರೆ ಬೆಲೆಯೇ ಇಲ್ಲ. "ಆಗಿರುವುದು ಅಂದಾಜಿಗಿಂತ ಕಡಿಮೆಯೇ?" ಅಂತ ಕೇಳಿದರೆ ನಲ್ ಇರುವಲ್ಲಿ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಗೊತ್ತಿಲ್ಲ ಅಂತ. ವೇರ್ ಷರತ್ತು ಹೌದು ಅಂದ ಸಾಲನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಏನೂ ಕೆಲಸ ಆಗದ ಪ್ರಾಜೆಕ್ಟ್ "ಹಿಂದೆ ಇರುವ" ಪಟ್ಟಿಗೆ ಬರುವುದೇ ಇಲ್ಲ. ಹೋಲಿಸುವ ಮೊದಲು ಕೋಅಲೆಸ್ ಹಾಕಿ ನಲ್ ಅನ್ನು 0 ಮಾಡಿ.

ದಾಖಲೆಗೆ ತಾರೀಖಿನ ಷರತ್ತು ಇದ್ದರೆ ಅದನ್ನೂ ನೋಡಿ. ಲೆಫ್ಟ್ ಜಾಯಿನ್ ಮಾಡಿ, ಬಲಗಡೆ ಟೇಬಲ್‌ನ ತಾರೀಖನ್ನು ವೇರ್‌ನಲ್ಲಿ ಹಾಕಿದರೆ ಅದು ಇನ್ನರ್ ಜಾಯಿನ್ ಮಾಡಿದ ಹಾಗೇ ಆಗುತ್ತದೆ. ಷರತ್ತು ಜಾಯಿನ್‌ನ ಆನ್ ಒಳಗೆ ಇರಬೇಕು, ಅಥವಾ ಸಬ್‌ಕ್ವೆರಿ ಒಳಗೆ.

ಸೆಮಿಕೋಲನ್:

ಎರಡೂ ಇತ್ತು! ಇನ್ನರ್ ಜಾಯಿನ್ ಬದಲಾಯಿಸಿದರೂ ಬರಲಿಲ್ಲ, ತಾರೀಖು ವೇರ್‌ನಲ್ಲಿತ್ತು. ಅದನ್ನು ಒಳಗೆ ತಂದು ಕೋಅಲೆಸ್ ಹಾಕಿದ ಮೇಲೆ ಪಟ್ಟಿಯಲ್ಲಿ ಬಂತು.

ಆದರೆ ಒಂದು ಅನುಮಾನ. ಖಾಲಿ ಗುಂಪಿಗೆ ಸಮ್ 0 ಕೊಡಬೇಕಲ್ಲವೇ? ಸಿ ಶಾರ್ಪ್‌ನಲ್ಲಿ ಖಾಲಿ ಲಿಸ್ಟ್ ಮೇಲೆ ಸಮ್ ಕರೆದರೆ 0 ಬರುತ್ತದೆ.

ಗುಂಪು ಲೆಕ್ಕ:

ಇಲ್ಲಿ ಎರಡು ಲೋಕಗಳ ನಿಯಮ ಬೇರೆ. ಡೇಟಾಬೇಸ್‌ನ ಕ್ವೆರಿ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಒಂದೂ ಸಾಲು ಇಲ್ಲದಿದ್ದರೆ ಸಮ್ ನಲ್ ಕೊಡುತ್ತದೆ, ಕೌಂಟ್ ಮಾತ್ರ 0 ಕೊಡುತ್ತದೆ. ಸಿ ಶಾರ್ಪ್‌ನ ಲಿಂಕ್ (LINQ, ಕೋಡ್‌ನಲ್ಲೇ ಕ್ವೆರಿ ಬರೆಯುವ ವಿಧಾನ) ಆಪರೇಟರ್‌ಗಳಲ್ಲಿ ಖಾಲಿ ಸರಣಿಯ ಸಮ್ 0. ಆದರೆ ಆವರೇಜ್, ಮಿನ್, ಮ್ಯಾಕ್ಸ್ ಮಾತ್ರ ಹಾಗಲ್ಲ. ಇಂಟ್ ತರಹದ ನಲ್ ಆಗಲಾರದ ಟೈಪ್ ಇದ್ದರೆ "ಸರಣಿಯಲ್ಲಿ ಏನೂ ಇಲ್ಲ" ಅಂತ ಎಕ್ಸೆಪ್ಶನ್ ಎಸೆಯುತ್ತವೆ. ನಲ್ ಆಗಬಲ್ಲ ಟೈಪ್ ಆದರೆ ಸುಮ್ನೆ ನಲ್ ಕೊಡುತ್ತವೆ. ಹೊಸ ಬಳಕೆದಾರ ಲಾಗಿನ್ ಆದ ಕೂಡಲೇ ಸರಾಸರಿ ತೋರಿಸುವ ಪುಟ ಬಿದ್ದುಹೋಗುವುದು ಸಾಮಾನ್ಯವಾಗಿ ಇದಕ್ಕೇ.

ಈಗಿನ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಈ ಅಂತರ ಮುಚ್ಚಲು ಸಮ್ ಅನ್ನು ಎಸ್‌ಕ್ಯೂಎಲ್ ಮಾಡುವಾಗ ತಾನೇ ಕೋಅಲೆಸ್ ಸುತ್ತುತ್ತದೆ. ಹಾಗಾಗಿ ನಿಮ್ಮ ಕೆಲಸಕ್ಕೆ ಕೈಯಿಂದ ಸಬ್‌ಕ್ವೆರಿ ಬರೆಯಬೇಕಾಗಿಯೇ ಇಲ್ಲ. ಮೂರು ಟೇಬಲ್ ಜಾಯಿನ್ ಮಾಡಿ ಗ್ರೂಪ್‌ಬೈ ಮಾಡಿರುವ ಕೋಡ್ ಬಿಸಾಡಿ. ಪ್ರಾಜೆಕ್ಟ್‌ಗಳಿಂದ ಶುರು ಮಾಡಿ ಒಂದು ಸೆಲೆಕ್ಟ್ ಬರೆಯಿರಿ. ಅದರೊಳಗೆ ಪ್ರಾಜೆಕ್ಟ್‌ನ ಯೋಜನೆಗಳ ಸಮ್ ಒಂದು, ಪ್ರಾಜೆಕ್ಟ್‌ನ ದಾಖಲೆಗಳ ಸಮ್ ಇನ್ನೊಂದು. ಇವೆರಡೂ ಬೇರೆ ಬೇರೆ ಸಬ್‌ಕ್ವೆರಿ ಆಗುತ್ತವೆ. ಸಾಲುಗಳು ಒಂದಕ್ಕೊಂದು ಗುಣಿಸಿಕೊಳ್ಳುವ ಪ್ರಶ್ನೆಯೇ ಬರಲ್ಲ.

ಲಿಂಕ್ ಬಳಸುವವರಿಗೆ ಇನ್ನೊಂದು ಮಾತು. ವೇರ್, ಸೆಲೆಕ್ಟ್, ಆರ್ಡರ್‌ಬೈ ಬರೆದಾಗ ಏನೂ ಓಡುವುದಿಲ್ಲ, ಕ್ವೆರಿ ಬೆಳೆಯುತ್ತಾ ಹೋಗುತ್ತದೆ ಅಷ್ಟೆ. ಸಮ್, ಕೌಂಟ್, ಟುಲಿಸ್ಟ್ ಬಂದಾಗ ಓಡುತ್ತದೆ. ಆದ್ದರಿಂದ ಟುಲಿಸ್ಟ್ ಅಥವಾ ಆಸ್‌ಎನ್ಯುಮರಬಲ್ ಎಲ್ಲಿದೆ ಅಂತ ನೋಡುವುದು ಮುಖ್ಯ. ಅದಕ್ಕಿಂತ ಹಿಂದೆ ಬರೆದದ್ದು ಡೇಟಾಬೇಸ್‌ನಲ್ಲಿ ನಡೆಯುತ್ತದೆ. ಮುಂದೆ ಬರೆದದ್ದು ಸರ್ವರ್ ಮೆಮೊರಿಯಲ್ಲಿ. ಒಂದೇ ಸಮ್, ಒಂದು ಪದ ಆಚೆ ಈಚೆ ಆದರೆ ಸಾಲುಗಳೆಲ್ಲಾ ಮೆಮೊರಿಗೆ ಬರುತ್ತವೆ. 2019ರಲ್ಲಿ ಬಂದ ಎಂಟಿಟಿ ಫ್ರೇಮ್‌ವರ್ಕ್ ಕೋರ್ 3.0 ಆವೃತ್ತಿಗೆ ಮೊದಲು ಇದು ಇನ್ನೂ ಕೆಟ್ಟದಾಗಿತ್ತು. ಎಸ್‌ಕ್ಯೂಎಲ್ ಮಾಡಲು ಆಗದ ಷರತ್ತನ್ನು ಎಂಟಿಟಿ ಫ್ರೇಮ್‌ವರ್ಕ್ ಕೋರ್ ಎಲ್ಲಾ ಸಾಲು ತಂದುಕೊಂಡು ಮೆಮೊರಿಯಲ್ಲಿ ನಡೆಸುತ್ತಿತ್ತು. ಈಗ ಆಗಲ್ಲ ಅಂತ ಎಕ್ಸೆಪ್ಶನ್ ಕೊಡುತ್ತದೆ. ಬೈದುಕೊಂಡವರು ಜಾಸ್ತಿ, ಆದರೆ ನನ್ನ ಪ್ರಕಾರ ಒಳ್ಳೆಯದೇ ಆಯಿತು.

ಪುಟ ತಿರುಗಿಸುವವ:

ಲೆಫ್ಟ್ ಜಾಯಿನ್ ಆದ ಮೇಲೆ "ಎಷ್ಟು ದಾಖಲೆ" ಅಂತ ಎಣಿಸುವುದಿದ್ದರೆ ಕೌಂಟ್ ಒಳಗೆ ನಕ್ಷತ್ರ ಹಾಕಬೇಡಿ. ದಾಖಲೆಯೇ ಇಲ್ಲದ ಪ್ರಾಜೆಕ್ಟ್‌ಗೂ 1 ಅಂತ ಬರುತ್ತದೆ, ಯಾಕೆಂದರೆ ಸಾಲು ಒಂದು ಇದೆಯಲ್ಲ. ದಾಖಲೆಯ ಐಡಿ ಕಾಲಂ ಹಾಕಿ. ಕಾಲಂ ಕೊಟ್ಟಾಗ ಕೌಂಟ್ ನಲ್‌ಗಳನ್ನು ಬಿಡುತ್ತದೆ.

ಮಧ್ಯರಾತ್ರಿ ಡಿಪ್ಲಾಯ್:

ಸರಿ, ಬ್ರೌಸರ್ ಮಾತು ವಾಪಸ್ ತಗೊಂಡೆ. ಆದರೆ ಹೋಲಿಕೆಯ ಬಗ್ಗೆ ನನಗೂ ಒಂದು ಪ್ರಶ್ನೆ ಇದೆ. ಈ ತಿಂಗಳು, ಹೋದ ತಿಂಗಳು ಪಕ್ಕಪಕ್ಕ ತೋರಿಸಬೇಕು. ಈಗ ಎರಡು ಕ್ವೆರಿ ಓಡಿಸಿ ಕೋಡ್‌ನಲ್ಲಿ ಸೇರಿಸುತ್ತಿದ್ದೇನೆ. ಒಂದರಲ್ಲೇ ಆಗುತ್ತದಾ?

ಹಳೇ ಕೀಬೋರ್ಡ್:

ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 2014ರ 9.4ರಿಂದ ಸಮ್ ಆದ ಮೇಲೆ ಫಿಲ್ಟರ್ ಅಂತ ಹಾಕಬಹುದು. ಒಂದು ಸಮ್‌ಗೆ ಈ ತಿಂಗಳ ಷರತ್ತು, ಪಕ್ಕದ ಸಮ್‌ಗೆ ಹೋದ ತಿಂಗಳ ಷರತ್ತು. ಟೇಬಲ್ ಒಂದೇ ಸಲ ಓದಿದರೆ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಫಿಲ್ಟರ್ ಇಲ್ಲ, ಸಮ್ ಒಳಗೆ ಕೇಸ್ ವೆನ್ ಬರೆಯಿರಿ. ಅದು ಎಲ್ಲಾ ಕಡೆ ನಡೆಯುತ್ತದೆ. ವೇರ್‌ನಲ್ಲಿ ಎರಡೂ ತಿಂಗಳ ವ್ಯಾಪ್ತಿ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ಟೇಬಲ್ ಹುಟ್ಟಿದಾಗಿನಿಂದ ಓದುತ್ತಾ ಕೂರುತ್ತದೆ.

ತಿಂಗಳ ಗಡಿ ಹಾಕುವಾಗ ಬಿಟ್ವೀನ್ ಬೇಡ. ಅದು ಎರಡೂ ತುದಿ ಸೇರಿಸುತ್ತದೆ. ಕಾಲಂನಲ್ಲಿ ಸಮಯವೂ ಇದ್ದರೆ, "31ರವರೆಗೆ" ಅಂದಾಗ 31ರ ಶುರುವಿನ ಮಧ್ಯರಾತ್ರಿಗೆ ನಿಲ್ಲುತ್ತದೆ. ಆ ದಿನದ ಕೆಲಸವೆಲ್ಲಾ ಹೊರಗೆ. ಮುಂದಿನ ತಿಂಗಳ 1ರವರೆಗೆ ಅಂದರೆ ಸರಿಯಾಗಿ ಆ ಮಧ್ಯರಾತ್ರಿಗೆ ಬಿದ್ದ ಸಾಲು ಎರಡೂ ತಿಂಗಳಲ್ಲಿ ಸೇರುತ್ತದೆ. 1ನೇ ತಾರೀಖು ಅಥವಾ ಅದಕ್ಕಿಂತ ಮೇಲೆ, ಮುಂದಿನ 1ಕ್ಕಿಂತ ಕೆಳಗೆ. ಹೀಗೆ ಬರೆದರೆ ಫೆಬ್ರವರಿ ಎಷ್ಟು ದಿನ ಅಂತ ಯೋಚಿಸುವ ಕೆಲಸವೂ ಇಲ್ಲ. ಕಾಲಂ ಮೇಲೆ "ತಿಂಗಳು ತೆಗೆ" ತರಹದ ಫಂಕ್ಷನ್ ಹಾಕಿ ಹೋಲಿಸಿದರೆ ಆ ಕಾಲಂನ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರಲ್ಲ. ಹೀಗೆ ಬರೆದರೆ ಬರುತ್ತದೆ.

ನಲ್ ನಾಣಿ:

ಜೊತೆಗೆ ಟೈಮ್‌ಝೋನ್. ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಸಮಯ) ದಿನ ಕತ್ತರಿಸುತ್ತಿದ್ದರೆ, ಬಳಕೆದಾರರ ದಿನ ಬೇರೆ ಕಡೆ ಕತ್ತರಿಸುತ್ತಿದ್ದರೆ, ತಿಂಗಳ ಗಡಿಯ ಕೆಲವು ಗಂಟೆ ಪಕ್ಕದ ತಿಂಗಳಿಗೆ ಹೋಗುತ್ತವೆ. ವರ್ಷದ ಒಟ್ಟು ಹೆಚ್ಚುಕಡಿಮೆ ಸರಿ ಇರುತ್ತದೆ, ತಿಂಗಳ ಒಟ್ಟು ಮಾತ್ರ ಸೇರಲ್ಲ. ಹುಡುಕುವವರಿಗೆ ತಲೆನೋವು.

ಪುಟ ತಿರುಗಿಸುವವ:

ಹನ್ನೆರಡು ತಿಂಗಳೂ ಬೇಕಾದರೆ ಲ್ಯಾಗ್ ಬಳಸಿ. ಹಿಂದಿನ ಸಾಲಿನ ಬೆಲೆ ಪಕ್ಕಕ್ಕೆ ತರುತ್ತದೆ.

ಗುಂಪು ಲೆಕ್ಕ:

ಹಿಂದಿನ *ಸಾಲು*, ಹಿಂದಿನ *ತಿಂಗಳು* ಅಲ್ಲ. ಮೇ ತಿಂಗಳಲ್ಲಿ ಯಾರೂ ಕೆಲಸ ಹಾಕದಿದ್ದರೆ ಗ್ರೂಪ್ ಬೈ ಮೇ ಸಾಲನ್ನೇ ಕೊಡುವುದಿಲ್ಲ. ಜೂನ್ ಪಕ್ಕದಲ್ಲಿ ಏಪ್ರಿಲ್ ಬಂದು ಕೂರುತ್ತದೆ. ತಲೆಬರಹ ಮಾತ್ರ "ಹೋದ ತಿಂಗಳು". ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್‌ನಿಂದ ಎಲ್ಲಾ ತಿಂಗಳ ಪಟ್ಟಿ ಮಾಡಿಕೊಂಡು, ಅದಕ್ಕೆ ಒಟ್ಟುಗಳನ್ನು ಲೆಫ್ಟ್ ಜಾಯಿನ್ ಮಾಡಿ, ನಲ್‌ಗೆ 0 ಹಾಕಿ, ಆಮೇಲೆ ಲ್ಯಾಗ್.

ಶೇಕಡಾ ಬದಲಾವಣೆ ತೆಗೆಯುವಾಗ ಭಾಗಾಕಾರ ನೋಡಿಕೊಳ್ಳಿ. ಎರಡೂ ಇಂಟಿಜರ್ ಆದರೆ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 7 ಭಾಗಿಸು 2 ಅಂದರೆ 3. ಮೈಎಸ್‌ಕ್ಯೂಎಲ್‌ನಲ್ಲಿ 3.5. ಕೆಳಗಿನ ಸಂಖ್ಯೆ 0 ಆಗಬಹುದಾದರೆ ನಲ್‌ಇಫ್ ಸುತ್ತಿ. ಆಗ ಎರರ್ ಬದಲು ನಲ್ ಬರುತ್ತದೆ, ಪುಟದಲ್ಲಿ ಒಂದು ಗೆರೆ ತೋರಿಸಿ.

ಸೆಮಿಕೋಲನ್:

ನಮ್ಮ ಗಂಟೆ ಕಾಲಂ ಡಬಲ್ ಪ್ರಿಸಿಷನ್ (ದಶಮಾಂಶವನ್ನು ಬೈನರಿಯಲ್ಲಿ ಇಡುವ ಟೈಪ್). ಅಂದಾಜು ಮುಟ್ಟಿದ ಹಂತಕ್ಕೆ ಹಸಿರು ಟಿಕ್ ಬರಬೇಕು. ಒಂದು ಹಂತದ ಅಂದಾಜು 1 ಗಂಟೆ. 0.1 ಗಂಟೆಯ ತುಂಡು ಹತ್ತು ಸೇರಿಸಿದ್ದಾರೆ. ಟಿಕ್ ಬರುತ್ತಿಲ್ಲ.

ನಲ್ ನಾಣಿ:

ಡಬಲ್‌ನಲ್ಲಿ 0.1 ಅನ್ನು ಹತ್ತು ಸಲ ಕೂಡಿಸಿದರೆ 0.9999999999999999 ಬರುತ್ತದೆ, 1 ಅಲ್ಲ. ಎರಡರ ಘಾತದಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಡೇಟಾಬೇಸ್ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ನಂಬಬೇಡಿ. ಕಾಲಂ ಅನ್ನು ನ್ಯೂಮರಿಕ್ ಮಾಡಿ. ಇಲ್ಲವೇ ನಿಮಿಷಗಳನ್ನು ಇಂಟಿಜರ್ ಆಗಿ ಇಟ್ಟು, ತೋರಿಸುವಾಗ ಗಂಟೆ ಮಾಡಿ. ನಾನಾಗಿದ್ದರೆ ನಿಮಿಷವೇ ಇಡುತ್ತಿದ್ದೆ, ಕೂಡಿಸಲು ಹೋಲಿಸಲು ಎರಡಕ್ಕೂ ಆರಾಮ. ಹೋಲಿಕೆಗೆ ಸಮ ಅನ್ನುವ ಬದಲು "ಅಷ್ಟು ಅಥವಾ ಅದಕ್ಕಿಂತ ಜಾಸ್ತಿ" ಅಂತ ಹಾಕಿ, ಅಂದಾಜು ದಾಟಿದರೂ ಟಿಕ್ ಬರಬೇಕಲ್ಲ. ಅದೊಂದೇ ಬದಲಾಯಿಸಿ ಡಬಲ್ ಹಾಗೇ ಬಿಟ್ಟರೆ ನಿಮ್ಮ ಉದಾಹರಣೆಗೆ ಉಪಯೋಗ ಇಲ್ಲ, 0.9999999999999999 ಆಗಲೂ 1ಕ್ಕಿಂತ ಕಡಿಮೆಯೇ.

ಕಟ್ಟೆ ಮಾತು:

ನಾನು ಮೊಂಗೋಡಿಬಿ (ಟೇಬಲ್ ಬದಲು ಜೇಸನ್ ತರಹದ ದಾಖಲೆ ಇಡುವ ಡೇಟಾಬೇಸ್) ಕಡೆಯವನು. ನಮ್ಮಲ್ಲಿ ನಲ್ ತೊಂದರೆ ಇಲ್ಲ. ಕೂಡಿಸಲು ಸಂಖ್ಯೆ ಇಲ್ಲದಿದ್ದರೆ ಅಲ್ಲಿನ $ಸಮ್ 0 ಕೊಡುತ್ತದೆ.

ನಲ್ ನಾಣಿ:

ನಿಮ್ಮಲ್ಲಿ ಬೇರೆ ತೊಂದರೆ ಇದೆ ಗುರುಗಳೇ. ಆ ಸಮ್ ಸಂಖ್ಯೆ ಅಲ್ಲದ್ದನ್ನೆಲ್ಲಾ ಸದ್ದಿಲ್ಲದೆ ಬಿಡುತ್ತದೆ. ಯಾವುದೋ ಫಾರ್ಮ್‌ನಿಂದ 8 ಅನ್ನುವುದು "8" ಅಂತ ಸ್ಟ್ರಿಂಗ್ ಆಗಿ ಒಳಗೆ ಬಂದಿದ್ದರೆ ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಒಟ್ಟು ಮಾತ್ರ ಕಡಿಮೆ. ಫೈಂಡ್‌ನಲ್ಲಿ "5ಕ್ಕಿಂತ ದೊಡ್ಡದು" ಅಂದರೂ ಸ್ಟ್ರಿಂಗ್ ಇರುವ ದಾಖಲೆ ಬರಲ್ಲ, ಅಲ್ಲಿ ಹೋಲಿಕೆ ಅದೇ ಟೈಪ್ ಒಳಗೆ ಮಾತ್ರ ನಡೆಯುತ್ತದೆ. ಸ್ಕೀಮಾ ವ್ಯಾಲಿಡೇಷನ್ (ತಪ್ಪು ಟೈಪ್ ಒಳಗೆ ಬಿಡದ ನಿಯಮ) ಹಾಕಿದ್ದೀರಾ?

ಕಟ್ಟೆ ಮಾತು:

ಇವತ್ತು ಸಂಜೆ ಹಾಕುತ್ತೇನೆ ಬಿಡಿ.

ಸೆಮಿಕೋಲನ್:

ಕೊನೆಯ ಪ್ರಶ್ನೆ. ಡ್ಯಾಶ್‌ಬೋರ್ಡ್ ಟೇಬಲ್ ಕೆಳಗೆ ಎಲ್ಲಾ ಪ್ರಾಜೆಕ್ಟ್ ಸೇರಿ ಒಂದು ಒಟ್ಟು ಸಾಲು ಬೇಕು. ಅದರಲ್ಲಿ ಶೇಕಡಾ ಎಷ್ಟು ಮುಗಿದಿದೆ ಅಂತಲೂ ಇರಬೇಕು. ಹಳೇ ಕೋಡ್ ಪ್ರಾಜೆಕ್ಟ್‌ಗಳ ಶೇಕಡಾಗಳ ಸರಾಸರಿ ತೆಗೆಯುತ್ತಿದೆ. ಹಾಗೇ ಬಿಡಬಹುದಾ?

ಹಳೇ ಕೀಬೋರ್ಡ್:

ಬೇಡ. ನಿಮ್ಮ 40ರಲ್ಲಿ 25 ಆದ ಪ್ರಾಜೆಕ್ಟ್ ತಗೊಳ್ಳಿ, 62.5. ಪಕ್ಕದಲ್ಲಿ 4 ಗಂಟೆ ಅಂದಾಜಿನ ಪುಟ್ಟ ಪ್ರಾಜೆಕ್ಟ್, 4 ಗಂಟೆಯೂ ಮುಗಿದಿದೆ, 100. ಸರಾಸರಿ 81.25. ನಿಜವಾಗಿ 44ರಲ್ಲಿ 29 ಮುಗಿದಿದೆ, ಅಂದರೆ ಸುಮಾರು 65.9. ನಾಲ್ಕು ಗಂಟೆಯ ಪ್ರಾಜೆಕ್ಟ್‌ಗೆ ನಲವತ್ತರಷ್ಟೇ ತೂಕ ಕೊಟ್ಟಿದ್ದೀರಿ. ಒಟ್ಟು ಸಾಲಿನಲ್ಲೂ ಒಟ್ಟನ್ನು ಒಟ್ಟಿನಿಂದಲೇ ಭಾಗಿಸಬೇಕು.

ಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಬೈ ಜೊತೆ ರೋಲಪ್ ಹಾಕಿದರೆ ಒಟ್ಟು ಸಾಲು ತಾನಾಗೇ ಬರುತ್ತದೆ. ಶೇಕಡಾ ಕಾಲಂ ಅನ್ನು ಸಮ್ ಭಾಗಿಸು ಸಮ್ ಅಂತ ಬರೆದಿದ್ದರೆ ಆ ಸಾಲಿನಲ್ಲೂ ಸರಿಯಾದದ್ದೇ ಬರುತ್ತದೆ. ಒಟ್ಟು ಸಾಲಿನಲ್ಲಿ ಪ್ರಾಜೆಕ್ಟ್ ಹೆಸರಿನ ಜಾಗ ನಲ್ ಇರುತ್ತದೆ. ಹೆಸರಿಲ್ಲದ ಪ್ರಾಜೆಕ್ಟ್ ಇದ್ದರೆ ಎರಡೂ ಒಂದೇ ತರಹ ಕಾಣುತ್ತವೆ, ಅದಕ್ಕೆ ಗ್ರೂಪಿಂಗ್ ಅನ್ನುವ ಫಂಕ್ಷನ್ ಇದೆ. ಒಟ್ಟು ಸಾಲಿಗೆ 1, ಉಳಿದವಕ್ಕೆ 0 ಕೊಡುತ್ತದೆ.

ಗುಂಪು ಲೆಕ್ಕ:

ಲಿಂಕ್‌ನಿಂದ ರೋಲಪ್ ಬರಲ್ಲ. ಅದೊಂದಕ್ಕೆ ಕೈಯಿಂದ ಎಸ್‌ಕ್ಯೂಎಲ್ ಬರೆಯಬೇಕು. ಅಥವಾ ಪ್ರಾಜೆಕ್ಟ್‌ಗೆ ಒಂದೊಂದು ಸಾಲು ಆಗಲೇ ಕೂಡಿಸಿ ಬಂದಿದೆಯಲ್ಲ, ಪೇಜಿನೇಷನ್ ಇಲ್ಲದಿದ್ದರೆ ಅಷ್ಟನ್ನು ಸಿ ಶಾರ್ಪ್‌ನಲ್ಲೇ ಕೂಡಿಸಿ. ಅಷ್ಟು ಸಾಲಿಗೆ ಮೆಮೊರಿ ಬಗ್ಗೆ ಚಿಂತೆ ಬೇಡ.